ಟೆಲಿಫೋನ್ ಕಾಕು ಕಲಿಸಿದ ಇಂಗ್ಲಿಷ್

ಕಾಕುವಿನ ಎಡಗಿವಿ ಬೋಳಾಗಿತ್ತು. ಬಲಗಿವಿಯಲ್ಲಿ ಬಿಳಿ ಹರಳಿನ ಬೆಂಡೋಲೆ, ಎಡಗಿವಿಯಲ್ಲಿ ಏನೂ ಇಲ್ಲ. ಓಲೆಯ ತೂತು ಕೂಡ ಮುಚ್ಚಿಕೊಂಡು ಎಳ್ಳುಕಾಳಿನಷ್ಟು ಗುರುತು ಉಳಿದಿತ್ತು. ವರ್ಷಗಟ್ಟಲೆ ಹೆಡ್‌ಫೋನ್ ಒತ್ತಿ ಒತ್ತಿ ಆ ಕಿವಿ ತಲೆಗೆ ಅಂಟಿಕೊಂಡಂತೆ ಚಪ್ಪಟೆಯಾಗಿತ್ತು. ಮೇಲೆ ಕೂದಲಲ್ಲಿ ಅದರ ಪಟ್ಟಿ ಕೂತ ಜಾಗದಲ್ಲಿ ಒಂದು ತಗ್ಗು. ಎಣ್ಣೆ ಹಚ್ಚಿ ಎಷ್ಟು ಬಾಚಿದರೂ ಆ ತಗ್ಗು ಮೇಲೇಳುತ್ತಿರಲಿಲ್ಲ. ರಜೆಯ ದಿನವೂ ಅವರು ಯಾರದೋ ಮಾತು ಕೇಳಿಸಿಕೊಳ್ಳುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಕಾಕು ಮಕರಪುರದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಊರು ಧಾರವಾಡ, ಅಲ್ಲಿ ಚಿಕ್ಕಮ್ಮನಿಗೆ ಕಾಕು ಅನ್ನುತ್ತಾರೆ. ನನ್ನ ಗಂಡ ಅದೇ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಟರ್ನರ್. ವಡೋದರಾದ, ಆಗಿನ ಎಲ್ಲರ ಬಾಯಲ್ಲಿ ಬರೋಡಾದ, ಮಂಜಲ್‌ಪುರದ ಸೊಸೈಟಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಸಾಹೇಬರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಯಾರಿಗೆ ಫೋನ್ ಬಂದರೂ ಮೊದಲು ಕಾಕುವಿನ ಕಿವಿಗೇ ಬರಬೇಕು. ಅವರು ಬೋರ್ಡಿನಲ್ಲಿ ತಂತಿಯ ಕಾರ್ಡು ಚುಚ್ಚಿ ಜೋಡಿಸಬೇಕು. ಜೋಡಿಸಿದ ಮೇಲೆ ಮಾತು ಕದ್ದು ಕೇಳುವುದು ಅವರಿಗೆ ಪಾಪ. "ಲೈನ್ ಕೊಟ್ಟ ಮ್ಯಾಲೆ ಕಿವಿ ತಗೀಬೇಕು" ಅನ್ನುತ್ತಿದ್ದರು. ನೆರೆಹೊರೆಯ ಜಗಳಕ್ಕೂ ಅದೇ ಮಾತು, ಗಂಡಹೆಂಡಿರ ವಿಷಯಕ್ಕೂ ಅದೇ ಮಾತು.

ನಾನು ಗುಳೇದಗುಡ್ಡದ ನೇಕಾರರ ಮನೆಯವಳು. ಅಪ್ಪ ಕುಪ್ಪಸದ ಕಣ ನೇಯುತ್ತಿದ್ದ. ನಮ್ಮ ಮನೆತನದಲ್ಲಿ ಏಳನೇ ಇಯತ್ತೆ ದಾಟಿದವರಿರಲಿಲ್ಲ. ನಾನು ಕಂಡಿಕೆ ಸುತ್ತುತ್ತಲೇ ಓದಿ ಡಿಗ್ರಿಯ ಕೊನೆಯ ವರ್ಷಕ್ಕೆ ಬಂದೆ. ಎಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ನಪಾಸಾದೆ. ಆ ಫಲಿತಾಂಶ ಬರುವ ಮೊದಲೇ ಮದುವೆ ಗೊತ್ತಾಗಿತ್ತು. ಅಪ್ಪ ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಬಿ.ಎ. ಅಂತ ಅಚ್ಚು ಹಾಕಿಸಿ ಇಡೀ ಓಣಿಗೆ ಹಂಚಿಬಿಟ್ಟಿದ್ದ. "ಹೆಂಗೂ ಆಗತೈತಲ್ಲವಾ, ಸ್ವಲ್ಪ ಮೊದ್ಲ ಹಾಕಿಸಿದ್ರ ಏನಾತು?" ಅಂದ. ಆಗಲಿಲ್ಲ. ಎರಡನೇ ಸಲ ಬರೆದರೂ ಆಗಲಿಲ್ಲ. ಅತ್ತೆ ಯಾರಿಗಾದರೂ "ನಮ್ಮ ಸೊಸಿ ಬಿ.ಎ." ಅಂದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ತೊಂಬತ್ತನಾಲ್ಕರಲ್ಲಿ ಉಳಿದಿದ್ದು ಕೊನೆಯ ಅವಕಾಶ. ಆ ವರ್ಷ ಪಾಸಾಗದಿದ್ದರೆ ಹಳೆಯ ಸಿಲೆಬಸ್ ಮುಚ್ಚಿ ಮೂರೂ ವರ್ಷದ್ದನ್ನು ಮೊದಲಿಂದ ಬರೆಯಬೇಕಿತ್ತು. ಸಂಸಾರ ಕಟ್ಟಿಕೊಂಡ ಮೇಲೆ ಅದು ಆಗುವ ಮಾತಲ್ಲ ಅಂತ ನನಗೆ ಗೊತ್ತಿತ್ತು.

ನನ್ನ ಕೈಗೆ ಸಿಗದೆ ಜಾರುತ್ತಿದ್ದದ್ದು ಇಂಗ್ಲಿಷಿನ ಆ ಸಣ್ಣ ಸಣ್ಣ ಮಾತುಗಳು. ಗಿವ್, ಟೇಕ್, ಪುಟ್, ಗೆಟ್ ಎಲ್ಲ ಗೊತ್ತು. ಅವುಗಳ ಹಿಂದೆ ಅಪ್, ಆಫ್, ಇನ್, ಔಟ್ ಅಂತ ಒಂದು ಬಾಲ ಬಂದು ಕೂತರೆ ಅರ್ಥವೇ ಬೇರೆ. ಒಂದು ದಿನ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಪಕ್ಕದ ಬಾಗಿಲು ತೆರೆಯಿತು.

"ಏ ಗುಳೇದಗುಡ್ಡಾ, ಏನದು ಮ್ಯಾಲಕ್ಕ ಕೊಡೋದು?"

"ಗಿವ್ ಅಂದ್ರ ಕೊಡು, ಅಪ್ ಅಂದ್ರ ಮ್ಯಾಲೆ. ಗಿವ್ ಅಪ್ ಅಂದ್ರ ಮ್ಯಾಲಕ್ಕ ಕೊಡು ಅಲ್ಲೇನ್ರಿ ಕಾಕು?"

ಒಳಗಿನಿಂದ ಅವರ ಯಜಮಾನರು ನಕ್ಕದ್ದು ಕೇಳಿಸಿತು. ಕಾಕು ನಗಲಿಲ್ಲ.

"ಹಿಡಿ ಅಂದ್ರೇನು?"

"ಕೈಯಾಗ ಹಿಡಿಯೂದು."

"ಮತ್ತ ಹಟಾ ಹಿಡಿಯೋದು? ಅದನ್ನೇನು ಮುಟಿಗ್ಯಾಗ ಹಿಡೀತಿ? ಹುಚ್ಚು ಹಿಡಿಯೋದು, ಜಡ್ಡು ಹಿಡಿಯೋದು, ಊರ ದಾರಿ ಹಿಡಿಯೋದು? ಇದನ್ನೆಲ್ಲಾ ಕಲೀಲಿಕ್ಕೆ ನಿಮ್ಮವ್ವ ನಿನಗ ಗೈಡ್ ಕೊಡಿಸಿದ್ಲೇನು? ಆ ಪುಸ್ತಕ ಮುಚ್ಚು. ನಾಳೆ ಸಂಜಿಗೆ ಬಾ."

ಮರುದಿನದಿಂದ ವಾರಕ್ಕೆ ಒಂದೇ ಕ್ರಿಯಾಪದ. ಪುಟ್ ವಾರದಲ್ಲಿ ಅವರ ಮನೆಯಲ್ಲಿ ಪುಟ್ ಬಿಟ್ಟು ಬೇರೆ ಮಾತಿಲ್ಲ. ಪುಟ್ ಆನ್ ಅಂದರೆ ನಾನು ಆ ಸೆಕೆಯಲ್ಲೂ ಅವರ ಸ್ವೆಟರು ಹಾಕಿಕೊಳ್ಳಬೇಕು. ಪುಟ್ ಔಟ್ ಅಂದರೆ ಸ್ಟೌ ಆರಿಸಬೇಕು. ಪುಟ್ ಆಫ್ ಅಂದರೆ "ಇವತ್ತಲ್ಲ, ನಾಳೆ" ಅನ್ನಬೇಕು. ಪುಟ್ ಅಪ್ ವಿತ್, ಅಂದರೆ ಸಹಿಸಿಕೊಳ್ಳುವುದು, ಬಂದಾಗ "ಅದನ್ನ ಮಾಡಿ ತೋರ್ಸೋದು ಬ್ಯಾಡ, ನಿನ್ನ ಲಗ್ನ ಆಗೇದಲ್ಲ" ಅಂದರು. ಅದೆಲ್ಲ ಆದ ಮೇಲೆ ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಇಡುತ್ತಿದ್ದರು. ಒಂದರಲ್ಲಿ ಅವರು, ಒಂದರಲ್ಲಿ ನಾನು. ಫೋನಿನಲ್ಲಿ ಮಾತಾಡಿದಂತೆ ಇಂಗ್ಲಿಷಿನಲ್ಲಿ ಮಾತಾಡಬೇಕು, ತಿರುಗಿ ನೋಡುವಂತಿಲ್ಲ. "ಮಾರಿ ನೋಡಿದ್ರ ನೀ ಕೈಸನ್ನಿ ಮಾಡಿ ಪಾರಾಗತಿ. ಬರೇ ದನಿಯೊಳಗ ಬದುಕಬೇಕು."

ಕಾಕುವಿನ ಯಜಮಾನರನ್ನು ನಾನು ಕಾಕಾ ಅನ್ನುತ್ತಿದ್ದೆ. ಬ್ಯಾಂಕಿನ ಆಫೀಸರು, ಸೂರತ್ತಿಗೆ ವರ್ಗವಾಗಿ ಅಲ್ಲಿ ಬ್ಯಾಂಕು ಕೊಟ್ಟ ಫ್ಲಾಟಿನಲ್ಲಿ ಒಬ್ಬರೇ ಇದ್ದರು. ಶನಿವಾರ ಸಂಜೆಯ ರೈಲಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಕೈಯಲ್ಲಿ ಸೂರತ್ತಿನ ಘಾರಿಯ ಡಬ್ಬಿ, ತುಪ್ಪ ಹೆಪ್ಪುಗಟ್ಟಿದ ಆ ಸಿಹಿ. ಮಕ್ಕಳಿರಲಿಲ್ಲ. ಕಾಕಾ ಮಾತಿಗೆ ನಿಧಾನದವರು. ಮೊದಲ ಶಬ್ದ ಹೇಳಿ ಒಂದು ಉಸಿರು ಬಿಟ್ಟು ಎರಡನೆಯದನ್ನು ಹೇಳುತ್ತಿದ್ದರು. ವಾರದ ಪಾಠದ ಪರೀಕ್ಷೆ ಅವರದು.

"ನಿಮ್ಮ ಕಾಕು ಮನ್ಯಾಗೂ ಹಂಗs ನೋಡವಾ," ಅಂದಿದ್ದರು ಒಮ್ಮೆ. "ಟ್ರಂಕ್ ಕಾಲ್ ಇದ್ದಂಗ, ಮೂರು ನಿಮಿಷ ಆತಂದ್ರ ಕಟ್. ಲಗ್ನ ಆದಾಗಿಂದ ನಂದು ಒಂದು ಮಾತೂ ಪೂರ್ತಿ ಆಗಿಲ್ಲ."

"ನೀವು ಸುರು ಮಾಡೂದ್ರಾಗ ಮೂರು ನಿಮಿಷ ಆಗಿರ್ತಾವ್ರಿ," ಅಂತ ಕಾಕು ಒಳಗಿನಿಂದಲೇ ಕೂಗಿದ್ದರು.

ಕಾಕುವಿನ ಮನೆಯಲ್ಲಿ ಫೋನಿರಲಿಲ್ಲ. ಅರ್ಜಿ ಹಾಕಿ ಕಾಯುತ್ತಿದ್ದರು. ಕಾಕಾನ ಫ್ಲಾಟಿನಲ್ಲಿ ಫೋನಿತ್ತು, ಆದರೆ ಅದರಿಂದ ಬೇರೆ ಊರಿಗೆ ಹಚ್ಚಲು ಬರುತ್ತಿರಲಿಲ್ಲ. ಹಾಗಾಗಿ ವಾರದ ನಡುವೆ ಕಾಕುವೇ ಮೂಲೆಯ ಎಸ್‌ಟಿಡಿ ಬೂತಿಗೆ ಹೋಗಿ ಮಾತಾಡಿ ಬರುತ್ತಿದ್ದರು. ಕಾರ್ಖಾನೆಯ ಬೋರ್ಡಿನಿಂದ ಒಂದು ಸಲವೂ ಸ್ವಂತದ ಕರೆ ಮಾಡಲಿಲ್ಲ. ಅಲ್ಲಿಗೆ ಮಾಡಬೇಡಿ ಅಂತ ಕಾಕಾಗೂ ಹೇಳಿದ್ದರು.

ಸೆಪ್ಟೆಂಬರಿನಲ್ಲಿ, ಗಣಪತಿ ಕಳಿಸಿದ ಸ್ವಲ್ಪ ದಿನಕ್ಕೆ, ಸೂರತ್ತಿನಲ್ಲಿ ಪ್ಲೇಗ್ ಅಂತ ಸುದ್ದಿ ಬಂತು. ಬರೋಡಾ ಸ್ಟೇಶನ್ನಿನಲ್ಲಿ ಸೂರತ್ ಕಡೆಯಿಂದ ಬರುವ ರೈಲುಗಳಿಗೆ ಜನ ಜೋತುಬಿದ್ದು ಬರುತ್ತಿದ್ದರು. ಬಾಯಿಗೆ ಕರವಸ್ತ್ರ ಕಟ್ಟಿಕೊಳ್ಳದೆ ಯಾರೂ ಹೊರಗೆ ಹೋಗುತ್ತಿರಲಿಲ್ಲ. ಔಷಧದಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಖಾಲಿ. ನಮ್ಮ ಸೊಸೈಟಿಯ ಸೆಕ್ರೆಟರಿ ಕಾಕುವಿನ ಬಾಗಿಲಿಗೆ ಬಂದು, ಹೊಸ್ತಿಲು ದಾಟದೆ ಹೇಳಿದ: "ಬೆಹೆನ್, ಬುರಾ ಮತ್ ಮಾನನಾ. ಸಾಹಬ್ ಕೋ ಬೋಲೋ ಅಭೀ ಸೂರತ್ ಸೇ ನ ಆಯೇ. ಬಚ್ಚೇವಾಲೀ ಸೊಸೈಟಿ ಹೈ ನೇ."

ಸಾಹೇಬರು ಈಗ ಸೂರತ್ತಿನಿಂದ ಬರುವುದು ಬೇಡ, ಮಕ್ಕಳಿರುವ ಜಾಗ ಅಂತ. ಕಾಕು ವಾದ ಮಾಡಲಿಲ್ಲ. ಬೂತಿಗೆ ಹೋಗಿ ಕಾಕಾಗೆ ಹೇಳಿ ಬಂದರು. ಬ್ಯಾಂಕು ತೆರೆದಿರಲೇಬೇಕು, ನಾನೂ ಬರುವವನಿರಲಿಲ್ಲ ಅಂದರಂತೆ ಅವರು.

ಅದಾದ ಮೇಲಿನ ಒಂದು ಮಧ್ಯಾಹ್ನ ಆದದ್ದನ್ನು ಕಾಕು ನನಗೆ ಒಂದೇ ಸಲ ಹೇಳಿದರು, ಬೆನ್ನು ತಿರುಗಿಸಿ ಕೂತು ಹೇಳಿದರು. ಲೈನುಗಳೆಲ್ಲ ತುಂಬಿ ಹೋಗಿದ್ದವು. ದೊಡ್ಡ ಸಾಹೇಬರಿಗೆ ದಿಲ್ಲಿ ಬೇಕು, ಡೆಸ್ಪ್ಯಾಚಿನವರಿಗೆ ಮುಂಬಯಿ ಬೇಕು, ಬೋರ್ಡಿನ ತುಂಬ ದೀಪ ಮಿಣುಕುತ್ತಿದ್ದವು. ಒಂದು ಕರೆ ಎತ್ತಿದರು. ಆಚೆ ಬಹಳ ಗದ್ದಲ, ಬೂತಿನ ಮುಂದಿನ ಸಾಲಿನ ಗದ್ದಲ. ಒಬ್ಬರು "ಕೇಳಿಲ್ಲೆ..." ಅಂದರು, ಇಲ್ಲಿ ಕೇಳು ಅನ್ನುವ ಹಾಗೆ. ಆ ಮೇಲೆ ಒಂದು ಉಸಿರು ಬಿಟ್ಟರು. ಆ ಉಸಿರಿನೊಳಗೆ ಕಾಕುವಿನ ಬಾಯಿ, ಇಡೀ ದಿನ ಹೇಳಿ ಹೇಳಿ ರೂಢಿಯಾದದ್ದನ್ನು ಹೇಳಿಬಿಟ್ಟಿತು: "ಸಾರಿ, ಆಲ್ ಲೈನ್ಸ್ ಬಿಜಿ. ಕೈಂಡ್ಲಿ ಕಾಲ್ ಬ್ಯಾಕ್." ಕಾರ್ಡು ಕಿತ್ತ ಮೇಲೆ ದನಿ ಯಾರದೆಂದು ಗೊತ್ತಾಯಿತು. "ಕಿವಿಗಿಂತಾ ಕೈ ಜೋರಿತ್ತು," ಅಂದರು ಕಾಕು. ಕಾಕಾ ಮತ್ತೆ ಫೋನ್ ಮಾಡಲಿಲ್ಲ. ಸಂಜೆ ಬೂತಿನಿಂದ ಕಾಕು ಫ್ಲಾಟಿಗೆ ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಸೂರತ್ತಿನಿಂದ ಒಂದು ಕರೆ ಬಂತು. ಮಾತಾಡಿದವರು ಪರ್ಸನೆಲ್ ಆಫೀಸರನ್ನು ಕೇಳಿದರು. ಕಾಕು ಗುಡ್ ಮಾರ್ನಿಂಗ್ ಅಂದು, ಲೈನ್ ಜೋಡಿಸಿ, ಕಿವಿ ತೆಗೆದರು. ಸ್ವಲ್ಪ ಹೊತ್ತಿಗೆ ಪರ್ಸನೆಲ್ ಆಫೀಸರು ತಾವೇ ನಡೆದು ಬೋರ್ಡಿನ ಕೋಣೆಗೆ ಬಂದರು. ಅವರು ಯಾವತ್ತೂ ಅಲ್ಲಿಗೆ ಬಂದವರಲ್ಲ. ಬಾಗಿಲಲ್ಲಿ ನಿಂತು ಕನ್ನಡಕ ತೆಗೆದರು. ಫ್ಲಾಟಿನಲ್ಲಿ ಕಾಕಾ ತೀರಿಕೊಂಡಿದ್ದರು. ಪ್ಲೇಗ್ ಅಲ್ಲ, ಎದೆನೋವು. ಗಂಡನ ಸಾವಿನ ಸುದ್ದಿಯನ್ನು ಕಾಕು ತಮ್ಮ ಕೈಯಿಂದಲೇ ಜೋಡಿಸಿ ಕೊಟ್ಟಿದ್ದರು.

ಸೂರತ್ತಿಗೆ ಹೋಗುವ ರೈಲು ಖಾಲಿ ಇತ್ತು. ಕಾಕುವಿನ ಜೊತೆ ಹೋಗಲು ಬೇರೆ ಯಾರೂ ಬರಲಿಲ್ಲ, ನನ್ನ ಗಂಡ ಹೋದ. ತಾಪಿ ದಂಡೆಯಲ್ಲಿ ಎಲ್ಲ ಮುಗಿಸಿ ಬಂದಾಗ ಸೊಸೈಟಿಯ ಗೇಟಿನಲ್ಲಿ ಸೆಕ್ರೆಟರಿ ಕೈ ಮುಗಿದು ನಿಂತಿದ್ದ, ಒಳಗೆ ಬಿಡಲೋ ಬೇಡವೋ ತಿಳಿಯದೆ. ಕಾಕು ಅವನನ್ನು ದಾಟಿ ಬಂದರು. ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ನಾನು ಮಾತ್ರ ಬಾಗಿಲು ತೆರೆದು ನೀರು ಹಿಡಿದು ನಿಂತಿದ್ದೆ.

ನನ್ನ ಪರೀಕ್ಷೆ ನವೆಂಬರಿಗೆ ಗೊತ್ತಾಗಿತ್ತು. ಇನ್ನು ಪಾಠ ಕೇಳುವುದು ಹೇಗೆ? ಹದಿಮೂರು ದಿನ ಮುಗಿದ ಸಂಜೆ ಕಾಕುವೇ ಗೋಡೆ ಬಡಿದರು. "ಗುಳೇದಗುಡ್ಡಾ, ಇದು ಗೆಟ್ ವಾರ ಅದ. ಬಾ."

ಹೋದೆ. ಪಾಠ ಮೊದಲಿನ ಹಾಗೇ ಕಟ್ಟುನಿಟ್ಟು. ಪಾಠ ಮುಗಿದ ಮೇಲೆ ಕಾಕು ಚಪ್ಪಲಿ ಮೆಟ್ಟಿ ಬೂತಿಗೆ ಹೊರಟರು. ನಾನೂ ಜೊತೆಗೆ ಹೋದೆ. ಕಾಕು ಸೂರತ್ತಿನ ಫ್ಲಾಟಿನ ನಂಬರು ತಿರುಗಿಸಿ, ರಿಸೀವರನ್ನು ಆ ಬೋಳು ಕಿವಿಗೆ ಒತ್ತಿ ನಿಂತರು. ಬೀಗ ಹಾಕಿದ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿದ್ದದ್ದು ನನಗೂ ಸಣ್ಣಗೆ ಕೇಳಿಸುತ್ತಿತ್ತು. ಬೂತಿನವನು ಮೀಟರು ನೋಡಿದ, ಕಾಕುವಿನ ಮುಖ ನೋಡಿದ.

"ಮಾಸಿ, ಕೋಈ ಉಠಾತಾ ನಹೀಂ. ರಹನೇ ದೋ ನೇ." ಯಾರೂ ಎತ್ತುತ್ತಿಲ್ಲ, ಬಿಟ್ಟುಬಿಡಿ ಅಂತ.

"ರಿಂಗಾಗಲಿಕ್ಕೆ ಹತ್ತೇದ," ಅಂದರು ಕಾಕು ನನ್ನ ಕಡೆ ತಿರುಗಿ. "ಅಂದ್ರ ಲೈನಿಗೆ ಜೀವ ಅದ."

ಆಮೇಲೆ ದಿನಾ ಸಂಜೆ ಹಾಗೇ. ಪಾಠ, ಬೂತು, ಆ ರಿಂಗು. ಹೊರಗೆ ನವರಾತ್ರಿಯ ಗರಬಾ ಮೈಕು ಹಾಡುತ್ತಿದ್ದರೂ ಕಾಕು ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು ಕೇಳುತ್ತಿದ್ದರು.

ಒಂದು ಸಂಜೆ ಯಾರೋ ಎತ್ತಿದರು. ಬ್ಯಾಂಕು ಆ ಫ್ಲಾಟನ್ನು ಇನ್ನೊಬ್ಬ ಆಫೀಸರಿಗೆ ಕೊಟ್ಟಿತ್ತು ಅಂತ ಕಾಣುತ್ತದೆ. ಹೆಂಗಸಿನ ದನಿ: "ಹಲೋ? ಕೋಣ?" ಯಾರು ಅಂತ, ಗುಜರಾತಿಯಲ್ಲಿ. ಜೀವಮಾನವಿಡೀ ಹಲೋಗೆ ಉತ್ತರ ಕೊಟ್ಟ ಕಾಕುವಿಗೆ ಆ ಹೊತ್ತು ಮಾತೇ ಹೊರಡಲಿಲ್ಲ. ರಿಸೀವರು ಇಟ್ಟರು. ಮತ್ತೆ ಬೂತಿನ ಕಡೆ ಹೋಗಲಿಲ್ಲ.

ಮರುದಿನ ಪಾಠಕ್ಕೆ ಹೋದಾಗ ಕುರ್ಚಿಗಳು ಮೊದಲೇ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು.

"ಇವತ್ತ ನೀ ಕಾಕಾ," ಅಂದರು. "ಬೂತಿನ್ಯಾಗ ನಿಂತೀ. ಹಿಂದ ಮಂದಿ ನಿಂತಾರ. ನಾ ಬೋರ್ಡಿನ ಮ್ಯಾಲ ಇದ್ದೀನಿ. ಹೇಳು, ಇಂಗ್ಲಿಷಿನ್ಯಾಗ."

"ಏನ್ ಹೇಳ್ಲಿ ಕಾಕು?"

"ಅವರು ಏನ್ ಹೇಳಾವ್ರಿದ್ರು ಅದನ್ನ."

ಗೆಟ್‌ನಿಂದ ಕಟ್ಟಿದ ವಾಕ್ಯಗಳನ್ನು ಹೇಳಿದೆ. ಗೆಟ್ ಅಲಾಂಗ್, ಗೆಟ್ ಥ್ರೂ, ಗೆಟ್ ಬ್ಯಾಕ್. ಕಾಕು ತಪ್ಪು ತಿದ್ದಿದರು. ಆಮೇಲೆ ಅಂದರು: "ಅವರು ಹಂಗ ಅನ್ನೂದಿಲ್ಲ. ಇಷ್ಟು ಗಡಬಡಿ ಮಾಡೂದಿಲ್ಲ. ಮೊದಲನೇ ಶಬ್ದ ಆದ ಮ್ಯಾಲೆ ನಿಲ್ಲು. ಉಸಿರು ಬಿಡು. ಈಗ ಹೇಳು."

ಹೀಗೆ ಪ್ರತಿ ಸಂಜೆ. ಗೋ ವಾರ, ಕಮ್ ವಾರ, ಲುಕ್ ವಾರ. ಕ್ರಿಯಾಪದ ಬದಲಾಗುತ್ತಿತ್ತು, ಕರೆ ಮಾತ್ರ ಅದೇ. ಹಣ ಮುಗಿದಿದೆ ಅಂದೆ, ಇಲ್ಲ. ಜ್ವರ ಬಂದಿದೆ ಅಂದೆ, ಇಲ್ಲ. ಮನೆಗೆ ಬರುತ್ತೇನೆ, ಸೆಕ್ರೆಟರಿಗೆ ಹೇಳು ಅಂದೆ. ಕಾಕು "ಅದೂ ಅಲ್ಲ, ಅವರು ಯಾರ ಮುಂದೂ ಕೈ ಚಾಚಾವ್ರಲ್ಲ" ಅಂದರು. ಸಂಜೆಯ ಬೆಳಕು ಗೋಡೆಯ ಮೇಲೆ ಕಂತುತ್ತಿತ್ತು. ನನ್ನ ಬಾಯಿಂದ ಬರುವ ಇಂಗ್ಲಿಷ್ ದಿನದಿನಕ್ಕೆ ನಿಧಾನವಾಗುತ್ತ, ತಗ್ಗುತ್ತ ಹೋಯಿತು. ಒಮ್ಮೊಮ್ಮೆ ನಾನು ಉಸಿರು ಬಿಟ್ಟ ಕಡೆ ಕಾಕುವಿನ ಕುರ್ಚಿ ನಡುಗುತ್ತಿದ್ದದ್ದು ನನ್ನ ಕುರ್ಚಿಗೆ ತಿಳಿಯುತ್ತಿತ್ತು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ತಿರುಗಿದರೆ ಅಲ್ಲಿ ಕಾಕು ಒಬ್ಬರೇ ಇರುತ್ತಾರೆ ಅನ್ನುವ ಭರವಸೆಯೂ ಇರಲಿಲ್ಲ.

ನನ್ನ ಗಂಡ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ. "ಬಿಟ್ಟಬಿಡs. ಆಕಿ ಮನಸ್ಸು ಠಿಕಾಣಿಯಾಗಿಲ್ಲ. ಸತ್ತಾವ್ರ ಮಾತು ಆಡಬಾರದು, ಬಸರಿ ಹೆಂಗಸು ನೀ."

"ಆಕಿ ಬಿಟ್ರ ನನಗ ಯಾರು ಕಲಸ್ತಾರ? ನೀ ಕಲಸ್ತಿಯೇನು?" ಅಂದೆ. ಭಯವಿತ್ತು, ನಿಜ. ಆದರೆ ಅಷ್ಟೇ ನಿಜವಾಗಿ ನನಗೆ ಪಾಸಾಗಬೇಕಿತ್ತು. ಮತ್ತೆ, ಆ ಹೊತ್ತಿಗೆ ಇನ್ನೊಂದು ಸೇರಿಕೊಂಡಿತ್ತು. ಕಾಕಾ ಏನು ಹೇಳುವವರಿದ್ದರು ಅಂತ ನನಗೂ ಗೊತ್ತಾಗಬೇಕಿತ್ತು.

ಊರಿಗೆ ಪರೀಕ್ಷೆಗೆ ಹೊರಡುವ ಹಿಂದಿನ ಸಂಜೆ ಕೊನೆಯ ಸಲ ಕೂತೆವು. ಕಾಕು ಬೋರ್ಡಿನ ದನಿಯಲ್ಲಿ "ಗುಡ್ ಆಫ್ಟರ್‌ನೂನ್" ಅಂದರು. ನಾನು ಏನೂ ಯೋಚಿಸಿಕೊಂಡು ಹೋಗಿರಲಿಲ್ಲ. ಮೊದಲ ಶಬ್ದ ಹೇಳಿ ಉಸಿರು ಬಿಟ್ಟೆ. ಉಳಿದದ್ದು ತಾನೇ ಬಂತು: "ನಥಿಂಗ್... ಹ್ಯಾಸ್ ಕಮ್ ಅಪ್. ಐ ಓನ್ಲಿ ರ‍್ಯಾಂಗ್ ಅಪ್ ಟು ಹಿಯರ್ ಯೂ. ಗೆಟ್ ಆನ್ ವಿತ್ ಯುವರ್ ವರ್ಕ್. ಐ ವಿಲ್ ಹೋಲ್ಡ್ ಆನ್." ವಿಶೇಷ ಏನಿಲ್ಲ. ನಿನ್ನ ದನಿ ಕೇಳೋಣ ಅಂತ ಮಾಡಿದೆ. ನಿನ್ನ ಕೆಲಸ ನೋಡಿಕೋ. ನಾನು ಕಾಯುತ್ತೇನೆ.

ಕೋಣೆ ಪೂರ್ತಿ ಕತ್ತಲಾಯಿತು. ಆಮೇಲೆ ಕಾಕು ಎದ್ದು ದೀಪ ಹಾಕಿದರು.

"ವಾಕ್ಯಾ ಬರೋಬ್ಬರಿ ಅವ," ಅಂದರು. "ಹೋಗಿ ಬರದು ಬಾ."

ಅದು ಕಾಕಾ ಹೇಳುವಂಥ ಮಾತೋ ಅಲ್ಲವೋ, ಅದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪಾಸಾದೆ. ಬರೀ ಪಾಸಲ್ಲ, ಇಂಗ್ಲಿಷಿನಲ್ಲಿ ನನ್ನ ಬೇರೆ ಯಾವ ವಿಷಯಕ್ಕಿಂತಲೂ ಹೆಚ್ಚು ಅಂಕ ಬಂದವು. ಅಪ್ಪ "ನಾ ಪತ್ರಿಕಿಯೊಳಗ ಸುಳ್ಳು ಹಾಕಿಸಿದ್ನೇನು?" ಅಂತ ಓಣಿಯಲ್ಲೆಲ್ಲ ಕೇಳುತ್ತ ತಿರುಗಿದನಂತೆ. ನಾನು ನಮ್ಮ ಮನೆತನದ ಮೊದಲ ಪದವೀಧರೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಪುಕ್ಕಟೆ ಬಂದದ್ದಲ್ಲ ಅದು.

ಕಾಕು ಅಂಕಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಓದಿ ವಾಪಸು ಕೊಟ್ಟರು. "ಇನ್ನ ನೀ ಸಂಜಿಗೆ ಬರಬ್ಯಾಡ. ಬಂದ್ರ ನಾ ಮತ್ತ ಮಾತಾಡಸ್ತೀನಿ. ಕೂಸು ಬರೂದದ, ಮನಿ ನೋಡ್ಕೋ." ಕಣ್ಣಲ್ಲಿ ನೀರಿರಲಿಲ್ಲ. ಆಪರೇಟರು ಲೈನ್ ಬಿಡಿಸುವಾಗಿನ ನಿಚ್ಚಳ ದನಿ.

ಮಗಳು ಹುಟ್ಟಿದ ಮೇಲೆ ನನ್ನ ಗಂಡನಿಗೆ ಅಹಮದಾಬಾದಿನ ನರೋಡಾದಲ್ಲಿ ಕೆಲಸ ಸಿಕ್ಕಿತು. ನಾವು ಅಲ್ಲಿಗೆ ಹೋದೆವು. ಬಿ.ಎ. ಇದ್ದದ್ದಕ್ಕೆ ನನಗೆ ಒಂದು ಖಾಸಗಿ ಶಾಲೆಯಲ್ಲಿ ಕೆಲಸವಾಯಿತು, ಇಂಗ್ಲಿಷ್ ಕಲಿಸುವ ಕೆಲಸ. ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗರು ನನ್ನ ಹಾಗೆ ಮೊದಲ ಶಬ್ದದ ಮೇಲೆ ನಿಂತು ಉಸಿರು ಬಿಟ್ಟು ಅಣಕಿಸುತ್ತಿದ್ದರು. ಮಗಳು ಮಾತು ಕಲಿತ ಮೇಲೆ ಅವಳೂ ಶುರು ಮಾಡಿದಳು: "ಮಮ್ಮೀ, ಕನ್ನಡ ಫಾಸ್ಟ್ ಮಾತಾಡ್ತಿ, ಇಂಗ್ಲಿಷ್ ಮೇ ದಾದಾಜೀ ಜೈಸಾ ಕ್ಯೂಂ ಬೋಲ್ತೀ?" ಇಂಗ್ಲಿಷಿನಲ್ಲಿ ಯಾಕೆ ಅಜ್ಜನ ಹಾಗೆ ಮಾತಾಡುತ್ತೀ ಅಂತ. ನನ್ನ ಪದವಿ ನನ್ನದು. ಆದರೆ ನನ್ನ ಇಂಗ್ಲಿಷ್ ನಾನು ಶನಿವಾರಗಳಲ್ಲಿ ಮಾತ್ರ ಕಂಡಿದ್ದ ಒಬ್ಬ ಮನುಷ್ಯನದು, ಅವರು ಹೋದ ಮೇಲೆ ನನ್ನ ಬಾಯಿಗೆ ಬಂದದ್ದು.

ಕಾಕು ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಮಂಜಲ್‌ಪುರದ ಮನೆಯಲ್ಲೇ ತೀರಿಕೊಂಡರು. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಹೊಸ ಎಕ್ಸ್‌ಚೇಂಜ್ ಬಂದು ಆಪರೇಟರ್ ಕೆಲಸ ಹೋಗಿತ್ತು. ಮನೆಗೆ ಫೋನು ಬಂದಿತ್ತು, ಅರ್ಜಿ ಹಾಕಿದ ಕಾಕಾ ಇಲ್ಲದ ಮನೆಗೆ. ತೀರಿಕೊಳ್ಳುವ ಸ್ವಲ್ಪ ದಿನ ಮೊದಲು ಒಂದು ಮಧ್ಯಾಹ್ನ ನಮ್ಮ ಶಾಲೆಯ ಆಫೀಸಿಗೆ ಕರೆ ಬಂತು. ನಾನು ಖುಷಿಯಲ್ಲಿ "ಕಾಕು, ಆರಾಮ ಅದೀರೇನ್ರಿ?" ಅಂದೆ.

"ಇಂಗ್ಲಿಷಿನ್ಯಾಗ ಮಾತಾಡು," ಅಂದರು. ದನಿ ಬಹಳ ಸಣ್ಣಗಾಗಿತ್ತು.

ಮಾತಾಡಿದೆ. ಶಾಲೆಯ ಸುದ್ದಿ, ಮಗಳ ಸುದ್ದಿ, ನರೋಡಾದ ಗಾಳಿಯಲ್ಲಿ ಬರುವ ಕೆಮಿಕಲ್ ವಾಸನೆ. ನಿಧಾನವಾಗಿ, ಉಸಿರು ಬಿಡುತ್ತ. ಕಾಕು ನಡುವೆ ಬಾಯಿ ಹಾಕಲಿಲ್ಲ, ಒಂದು ತಪ್ಪನ್ನೂ ತಿದ್ದಲಿಲ್ಲ. ಮೂರು ನಿಮಿಷಕ್ಕಿಂತ ಬಹಳ ಹೆಚ್ಚೇ ಆಗಿರಬೇಕು. ನಾನು ನಿಲ್ಲಿಸಿದಾಗ, ಅವರು ನಾನೆಂದೂ ಕೇಳಿರದ ಒಂದು ದನಿಯಲ್ಲಿ, ಹೊಸದಾಗಿ ಮದುವೆಯಾದವರ ದನಿಯಲ್ಲಿ, ಕೇಳಿದರು:

"ಊಟಾ ಆತೇನ್ರೀ? ಸೂರತ್ತಿನ್ಯಾಗ ಮಳಿ ನಿಂತದೇನ್ರೀ?"

ಆಫೀಸಿನ ಕಿಟಕಿಯ ಹೊರಗೆ ಅಹಮದಾಬಾದಿನ ಮೇ ತಿಂಗಳ ಬಿಸಿಲು ಉರಿಯುತ್ತಿತ್ತು. ಹಿಂದೆ ಇನ್ನೊಬ್ಬ ಟೀಚರು ಫೋನಿಗಾಗಿ ಕಾಯುತ್ತ ನಿಂತಿದ್ದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ.

"ಯೆಸ್," ಅಂದೆ. ಒಂದು ಉಸಿರು ಬಿಟ್ಟೆ. "ಇಟ್ ಹ್ಯಾಸ್ ಲೆಟ್ ಅಪ್." ಹೌದು, ಮಳೆ ನಿಂತಿದೆ.

"ಛಲೋ ಆತು," ಅಂದರು ಕಾಕು. ಫೋನು ಇಡಲಿಲ್ಲ. ನಾನೂ ಇಡಲಿಲ್ಲ.